ಪಕ್ಕದ ಊರಿನ ಲೆಕ್ಕ ಎಲ್ಲಿದೆ? ಖಾಸಗಿ ಆರೋಗ್ಯ ಯೋಜನೆಗಳ ಯಶೋಗಾಥೆ ಓದುವ ಬಗೆ

ಹಳ್ಳಿಯ ಬಡ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಬರಬೇಕು. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞರಿಲ್ಲ, ಇರುವವರೆಲ್ಲ ಪೇಟೆಯ ಖಾಸಗಿ ನರ್ಸಿಂಗ್ ಹೋಂಗಳಲ್ಲಿದ್ದಾರೆ. 2005ರ ಡಿಸೆಂಬರ್‌ನಲ್ಲಿ ಗುಜರಾತ್ ಸರ್ಕಾರ ಈ ಗಂಟು ಬಿಡಿಸಲು ಒಂದು ದಾರಿ ಹುಡುಕಿತು. ಬಡವರ ಹೆರಿಗೆಯನ್ನು ಖಾಸಗಿ ವೈದ್ಯರೇ ಮಾಡಿಸಲಿ, ದುಡ್ಡು ಸರ್ಕಾರ ಕೊಡಲಿ. ಬನಾಸಕಾಂಠಾ, ದಾಹೋದ್, ಕಛ್, ಪಂಚಮಹಲ್, ಸಾಬರಕಾಂಠಾ ಎಂಬ ಐದು ಜಿಲ್ಲೆಗಳಲ್ಲಿ ಶುರುವಾದ ಈ ಯೋಜನೆಗೆ ಚಿರಂಜೀವಿ ಎಂದು ಹೆಸರಿಟ್ಟರು. 2007ರಲ್ಲಿ ಅದು ಇಡೀ ರಾಜ್ಯಕ್ಕೆ ಹಬ್ಬಿತು.

ಯೋಜನೆಯ ಲೆಕ್ಕಾಚಾರ ಜಾಣತನದ್ದು. ಆರಂಭದಲ್ಲಿ ನೂರು ಹೆರಿಗೆಗೆ 1,79,500 ರೂಪಾಯಿ, ಅಂದರೆ ಒಂದಕ್ಕೆ 1,795. ಸಹಜ ಹೆರಿಗೆಗೂ ಅಷ್ಟೇ, ಸಿಸೇರಿಯನ್‌ಗೂ ಅಷ್ಟೇ. ಕತ್ತರಿ ಹಿಡಿದರೆ ಹೆಚ್ಚು ದುಡ್ಡು ಸಿಗುವುದಿಲ್ಲವಾದ್ದರಿಂದ ಬೇಡದ ಆಪರೇಷನ್ ಮಾಡುವ ಆಸೆಯೂ ಹುಟ್ಟುವುದಿಲ್ಲ. ನೂರಾರು ವೈದ್ಯರು ಸೇರಿಕೊಂಡರು, ಲಕ್ಷಗಟ್ಟಲೆ ಹೆರಿಗೆಗಳಾದವು. ಯೋಜನೆಯಡಿ ವರದಿಯಾದ ತಾಯಂದಿರ ಮತ್ತು ಶಿಶುಗಳ ಸಾವು, ಸಾಮಾನ್ಯವಾಗಿ ನಿರೀಕ್ಷಿಸಬಹುದಾದ ಸಾವಿಗಿಂತ ಎಷ್ಟೋ ಕಡಿಮೆ ಎಂದು ಆರಂಭದ ಅಧ್ಯಯನಗಳು ಹೇಳಿದವು. 2006ರಲ್ಲೇ ವಾಲ್ ಸ್ಟ್ರೀಟ್ ಜರ್ನಲ್‌ನ ಏಷ್ಯನ್ ಇನ್ನೋವೇಷನ್ ಪ್ರಶಸ್ತಿ ಬಂತು. ಬಡ ದೇಶಗಳಲ್ಲಿ ಖಾಸಗಿ ವೈದ್ಯರನ್ನು ಹೇಗೆ ಬಳಸಿಕೊಳ್ಳಬೇಕು ಎಂಬ ಚರ್ಚೆ ಎಲ್ಲಿ ನಡೆದರೂ ಚಿರಂಜೀವಿಯ ಹೆಸರು ಬರತೊಡಗಿತು.

2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಮನೋಜ್ ಮೋಹನನ್ ಮತ್ತು ಸಂಗಡಿಗರ ಅಧ್ಯಯನವೊಂದು ಪ್ರಕಟವಾಯಿತು. ಅವರು ಆಸ್ಪತ್ರೆಗಳ ವರದಿಯನ್ನು ನೆಚ್ಚಿಕೊಳ್ಳಲಿಲ್ಲ. ಗುಜರಾತಿನ 5,597 ಮನೆಗಳ ಸಮೀಕ್ಷೆ ಮಾಡಿಸಿ, ಯೋಜನೆ ಬರುವ ಮೊದಲು ಮತ್ತು ಬಂದ ಮೇಲೆ ಆ ಮನೆಗಳಲ್ಲಾದ ಹೆರಿಗೆಗಳ ವಿವರ ಪಡೆದರು. ಯೋಜನೆಯಿಂದಾಗಿ ಆಸ್ಪತ್ರೆ ಹೆರಿಗೆಯ ಪ್ರಮಾಣ ಗುರುತಿಸಬಹುದಾದಷ್ಟು ಏರಿದ್ದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ತಾಯಿ-ಮಗುವಿನ ತೊಂದರೆಗಳು ಇಳಿದದ್ದಕ್ಕೂ ಸಿಗಲಿಲ್ಲ. ಕುಟುಂಬಗಳು ಹೆರಿಗೆಗೆ ಕೈಯಿಂದ ಹಾಕುವ ದುಡ್ಡು ಕೂಡ ಕಡಿಮೆಯಾಗಿರಲಿಲ್ಲ.

ಹಾಗಾದರೆ ಮೊದಲು ಹೇಳಿದವರು ಸುಳ್ಳು ಹೇಳಿದರೇ? ಇಲ್ಲ. ಹೆರಿಗೆಗಳು ನಿಜವಾಗಿ ಆಗಿದ್ದವು, ವೈದ್ಯರು ನಿಜವಾಗಿ ದುಡಿದಿದ್ದರು. ತಪ್ಪು ಇದ್ದದ್ದು ಏನನ್ನು ಯಾವುದರ ಪಕ್ಕದಲ್ಲಿಟ್ಟು ನೋಡಿದರು ಎಂಬಲ್ಲಿ. ಮುಂಗಾರು ಹಿಡಿಯುವ ಮುನ್ನ ತೋಟದಲ್ಲೊಂದು ಇಂಗುಗುಂಡಿ ತೋಡಿಸಿ, ಆಗಸ್ಟ್‌ನಲ್ಲಿ ಬಾವಿಯ ನೀರು ಮೇಲೆ ಬಂದದ್ದನ್ನೆಲ್ಲ ಗುಂಡಿಯ ಲೆಕ್ಕಕ್ಕೆ ಬರೆದರೆ ಹೇಗೆ? ಗುಂಡಿ ತೋಡದ ಪಕ್ಕದ ತೋಟದ ಬಾವಿಯನ್ನೂ ಇಣುಕಬೇಕು. ಅಲ್ಲೂ ನೀರು ಅಷ್ಟೇ ಏರಿದ್ದರೆ ಅದು ಮಳೆಯ ಕೆಲಸ. ಗುಜರಾತಿನಲ್ಲಿ ಆಸ್ಪತ್ರೆ ಹೆರಿಗೆ ಆ ವರ್ಷಗಳಲ್ಲಿ ಹೇಗೂ ಏರುತ್ತಿತ್ತು. ರಸ್ತೆಗಳಾಗುತ್ತಿದ್ದವು, ಫೋನು ಬಂದಿತ್ತು, ಹೆಣ್ಣುಮಕ್ಕಳ ಓದು ಹೆಚ್ಚಿತ್ತು. ಯೋಜನೆಯಡಿ ಬಂದ ಹೆಂಗಸರಲ್ಲಿ ಬಹಳಷ್ಟು ಮಂದಿ ಯೋಜನೆ ಇಲ್ಲದಿದ್ದರೂ ಯಾವುದೋ ಆಸ್ಪತ್ರೆಗೆ ಬರುತ್ತಿದ್ದವರೇ ಆಗಿರಬಹುದು. ಇನ್ನೊಂದು ಮಾತು: ಹೆರಿಗೆಗೊಂದು ನಿಗದಿತ ದರ ಸಿಗುವಾಗ, ತೊಡಕಿನ ಹೆರಿಗೆಯನ್ನು ಜಿಲ್ಲಾ ಆಸ್ಪತ್ರೆಗೆ ಸಾಗಹಾಕಿ ಸಲೀಸಾದದ್ದನ್ನು ಉಳಿಸಿಕೊಳ್ಳಲು ವೈದ್ಯರಿಗೆ ಕಾರಣವಿರುತ್ತದೆ. ಆಗ ಸಾವು ಸಂಭವಿಸಿದರೂ ಅದು ಯೋಜನೆಯ ಪುಸ್ತಕದಲ್ಲಿ ದಾಖಲಾಗುವುದಿಲ್ಲ.

ಹಿಂದುಳಿದ ದೇಶಗಳ ಖಾಸಗಿ ಆರೋಗ್ಯ ಯೋಜನೆಗಳ ಮಾಹಿತಿ ಹಂಚಿಕೊಳ್ಳಬೇಕು ಎಂದು ದಾನಿ ಸಂಸ್ಥೆಗಳು, ಬ್ಯಾಂಕುಗಳು, ಸರ್ಕಾರಗಳು ಎರಡು ದಶಕಗಳಿಂದ ಹೇಳುತ್ತಿವೆ. ಮಾಹಿತಿ ಹಂಚಿಕೆಯೂ ಆಗುತ್ತಿದೆ. ಆದರೆ ಹೆಚ್ಚಾಗಿ ಹಂಚಿಕೆಯಾಗುವುದು ಎಷ್ಟು ಜನ ಬಂದರು, ಎಷ್ಟು ಶಸ್ತ್ರಚಿಕಿತ್ಸೆಯಾಯಿತು, ಎಷ್ಟು ಶಾಖೆ ತೆರೆದರು ಎಂಬ ಒಂದೇ ಬಗೆಯ ಮಾಹಿತಿ. ಒಂದು ಯೋಜನೆ ಬಡವರ ಆರೋಗ್ಯಕ್ಕೆ ಏನು ಮಾಡಿತು ಎಂದು ತಿಳಿಯಲು ಬೇಕಾದ ಮಾಹಿತಿ ಬೇರೆಯೇ ಇದೆ. ಅದು ತಡವಾಗಿ ಬರುತ್ತದೆ, ಅಥವಾ ಬರುವುದೇ ಇಲ್ಲ.

ಗಡಿಯ ಈಚೆ, ಗಡಿಯ ಆಚೆ

ಪಕ್ಕದ ಊರಿನ ಲೆಕ್ಕ ಸರಿಯಾಗಿ ಇಟ್ಟರೆ ಏನು ಸಿಗುತ್ತದೆ ಎಂಬುದಕ್ಕೆ ನಮ್ಮ ಕರ್ನಾಟಕದ್ದೇ ಒಳ್ಳೆಯ ಉದಾಹರಣೆಯಿದೆ, ಮತ್ತು ಅದು ಸಂತೋಷದ ಉದಾಹರಣೆ. 2010ರಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಆರಂಭಿಸಿತು. ಬಿಪಿಎಲ್ ಕುಟುಂಬದವರಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಮಿದುಳಿನಂಥ ದೊಡ್ಡ ಕಾಯಿಲೆಗಳಿಗೆ ನೋಂದಾಯಿತ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ. ಆ ಆಸ್ಪತ್ರೆಗಳಲ್ಲಿ ಖಾಸಗಿಯವೂ ಸೇರಿದ್ದವು. ದುಡ್ಡು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನದು. ಯೋಜನೆ ಒಮ್ಮೆಲೇ ಇಡೀ ರಾಜ್ಯಕ್ಕೆ ಬರಲಿಲ್ಲ. ಮೊದಲು ಕಲಬುರಗಿ ವಿಭಾಗ, ಆಮೇಲೆ ಬೆಳಗಾವಿ ವಿಭಾಗ, ದಕ್ಷಿಣದ ಜಿಲ್ಲೆಗಳಿಗೆ ಕೊನೆಗೆ.

ಈ ತಡವೇ ಸಂಶೋಧಕರಿಗೆ ಅವಕಾಶವಾಯಿತು. ಗಡಿಯ ಉತ್ತರಕ್ಕೆ ಯೋಜನೆ ಬಂದ 300 ಹಳ್ಳಿಗಳು, ದಕ್ಷಿಣಕ್ಕೆ ಯೋಜನೆ ಇನ್ನೂ ಬಾರದ 272 ಹಳ್ಳಿಗಳು. ಮಣ್ಣು ಒಂದೇ, ಮಾತು ಒಂದೇ, ಬಡತನವೂ ಹೆಚ್ಚುಕಡಿಮೆ ಒಂದೇ. ನೀರಜ್ ಸೂದ್ ಮತ್ತು ಸಂಗಡಿಗರು ಎರಡೂ ಕಡೆ ಸುಮಾರು 60 ಸಾವಿರ ಮನೆಗಳ ಸಮೀಕ್ಷೆ ನಡೆಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದಾದ ಸಾವು ಉತ್ತರದ ಬಿಪಿಎಲ್ ಮನೆಗಳಲ್ಲಿ ಶೇ 0.32, ದಕ್ಷಿಣದ ಬಿಪಿಎಲ್ ಮನೆಗಳಲ್ಲಿ ಶೇ 0.90. ಶೇ 64ರಷ್ಟು ಕಡಿಮೆ.

ಈ ಅಂಕಿಗಿಂತ ನನಗೆ ಹೆಚ್ಚು ಹಿಡಿಸಿದ್ದು ಅವರು ಮಾಡಿದ ಇನ್ನೊಂದು ಪರೀಕ್ಷೆ. ಅದೇ ಹಳ್ಳಿಗಳಲ್ಲಿದ್ದ, ಯೋಜನೆಗೆ ಅರ್ಹರಲ್ಲದ ಎಪಿಎಲ್ ಮನೆಗಳನ್ನೂ ಅವರು ನೋಡಿದರು. ಉತ್ತರದ ಹಳ್ಳಿಗಳಲ್ಲಿ ಬೇರಾವುದೋ ಕಾರಣಕ್ಕೆ, ಹೊಸ ರಸ್ತೆಯಿಂದಲೋ ಒಳ್ಳೆಯ ಬೆಳೆಯಿಂದಲೋ, ಆರೋಗ್ಯ ಸುಧಾರಿಸಿದ್ದರೆ ಎಪಿಎಲ್ ಮನೆಗಳಲ್ಲೂ ಸಾವು ಇಳಿಯಬೇಕಿತ್ತು. ಅಲ್ಲಿ ಗಡಿಯ ಈಚೆಗೂ ಆಚೆಗೂ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ ಫಲ ಯೋಜನೆಯದೇ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಯಿತು. ದೊಡ್ಡ ಆಸ್ಪತ್ರೆಯಲ್ಲಿ ದಾಖಲಾದಾಗ ಬಡವರ ಕೈಯಿಂದ ಹೋಗುವ ಖರ್ಚೂ ಗಣನೀಯವಾಗಿ ಇಳಿದಿತ್ತು.

ಚಿರಂಜೀವಿ ಮತ್ತು ಆರೋಗ್ಯಶ್ರೀ ಎರಡೂ ಸರ್ಕಾರದ ದುಡ್ಡಿನಲ್ಲಿ ಖಾಸಗಿಯವರ ಕೈಯಿಂದ ಬಡವರ ಚಿಕಿತ್ಸೆ ಮಾಡಿಸಿದ ಯೋಜನೆಗಳೇ. ಒಂದರ ಬಗ್ಗೆ ಆರಂಭದ ಸುದ್ದಿ ಹುಸಿಯಾಯಿತು, ಇನ್ನೊಂದರದು ಗಟ್ಟಿಯಾಯಿತು. ಖಾಸಗಿ ಒಳ್ಳೆಯದೋ ಕೆಟ್ಟದ್ದೋ ಎಂಬ ಹಳೆಯ ಜಗಳದಿಂದ ಈ ಎರಡರ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಮನೆ ಮನೆಗೆ ಹೋಗಿ ಕೇಳಿದ್ದರಿಂದ ಗೊತ್ತಾಯಿತು.

ಲೆಸೊಥೊದ ಆಸ್ಪತ್ರೆ

ಹೋಲಿಕೆಯ ಲೆಕ್ಕ ಒಂದಾದರೆ, ಹಣದ ಲೆಕ್ಕ ಇನ್ನೊಂದು. ಇದಕ್ಕೆ ಆಫ್ರಿಕಾದ ಲೆಸೊಥೊಗಿಂತ ಸ್ಪಷ್ಟವಾದ ಪಾಠ ಬೇರೆಲ್ಲೂ ಇಲ್ಲ ಎಂದು ನನ್ನ ನಂಬಿಕೆ. ಸುತ್ತಲೂ ದಕ್ಷಿಣ ಆಫ್ರಿಕಾ, ನಡುವೆ ಈ ಪುಟ್ಟ ಗುಡ್ಡಗಾಡು ದೇಶ. ಜನಸಂಖ್ಯೆ ಸುಮಾರು 20 ಲಕ್ಷ. ಎಚ್‌ಐವಿ ಮತ್ತು ಕ್ಷಯ ಅಲ್ಲಿ ಮನೆಮನೆಯ ಕಷ್ಟ. ರಾಜಧಾನಿ ಮಸೇರುವಿನಲ್ಲಿದ್ದ ಕ್ವೀನ್ ಎಲಿಜಬೆತ್ ಆಸ್ಪತ್ರೆ ಹಳೆಯದಾಗಿ ಕುಸಿಯುವ ಸ್ಥಿತಿಗೆ ಬಂದಿತ್ತು.

ಸರ್ಕಾರ ವಿಶ್ವಬ್ಯಾಂಕ್ ಸಮೂಹದಲ್ಲಿ ಖಾಸಗಿ ಹೂಡಿಕೆ ನೋಡಿಕೊಳ್ಳುವ ಐಎಫ್‌ಸಿ ಎಂಬ ಸಂಸ್ಥೆಯ ಸಲಹೆ ಪಡೆದು 2008ರಲ್ಲಿ ತ್ಸೆಪೊಂಗ್ ಎಂಬ ಕೂಟದೊಂದಿಗೆ 18 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಕೂಟದ ಮುಂದಾಳು ದಕ್ಷಿಣ ಆಫ್ರಿಕಾದ ನೆಟ್‌ಕೇರ್ ಕಂಪನಿ. ಆಸ್ಪತ್ರೆ ಕಟ್ಟುವುದು, ಸಲಕರಣೆ ತರುವುದು, ವೈದ್ಯರನ್ನೂ ನರ್ಸ್‌ಗಳನ್ನೂ ನೇಮಿಸಿ ಚಿಕಿತ್ಸೆ ಕೊಡುವುದು ಎಲ್ಲ ಕೂಟದ್ದೇ ಹೊಣೆ. ಸರ್ಕಾರ ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟಬೇಕು. ಹಳೆಯ ಆಸ್ಪತ್ರೆಗೆ ಆಗುತ್ತಿದ್ದಷ್ಟೇ ಖರ್ಚಿನಲ್ಲಿ ಹೊಸ ಆಸ್ಪತ್ರೆ ನಡೆಯಬೇಕು ಎಂಬುದು ಆಗಿನ ಮಾತು. 2011ರ ಅಕ್ಟೋಬರ್‌ನಲ್ಲಿ 425 ಹಾಸಿಗೆಗಳ ಕ್ವೀನ್ ಮಮೊಹಾಟೊ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆಯಿತು. ಕಟ್ಟಡದ ಜೊತೆ ಚಿಕಿತ್ಸೆಯನ್ನೂ ಖಾಸಗಿಯವರಿಗೆ ಒಪ್ಪಿಸಿದ ಈ ಮಾದರಿಯನ್ನು ಆಫ್ರಿಕಾದ ಬೇರೆ ದೇಶಗಳಿಗೂ ತೋರಿಸಲಾಯಿತು.

ಮುಂದೆ ಎರಡು ಸುದ್ದಿಗಳು ಬಂದವು. ಬೋಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಮತ್ತು ಹೊಸ ಆಸ್ಪತ್ರೆಗಳನ್ನು ಹೋಲಿಸಿ, ಆಸ್ಪತ್ರೆಯಲ್ಲಿನ ಸಾವಿನ ಪ್ರಮಾಣ ಶೇ 41ರಷ್ಟು ಇಳಿದಿದೆ ಎಂದರು. ಇದು ಸಣ್ಣ ಮಾತಲ್ಲ. ಅಷ್ಟು ತಾಯಂದಿರು, ಮಕ್ಕಳು ಮನೆಗೆ ಮರಳಿದ್ದಾರೆ. ಇತ್ತ 2014ರ ಏಪ್ರಿಲ್‌ನಲ್ಲಿ ಬಡತನದ ವಿರುದ್ಧ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಆಕ್ಸ್‌ಫ್ಯಾಮ್ ಮತ್ತು ಲೆಸೊಥೊದ ಗ್ರಾಹಕ ರಕ್ಷಣಾ ಸಂಘ ವರದಿ ತಂದವು. ಅದರ ಪ್ರಕಾರ ಈ ಒಂದು ಆಸ್ಪತ್ರೆ ಜಾಲವೇ ದೇಶದ ಆರೋಗ್ಯ ಬಜೆಟ್ಟಿನ ಶೇ 51ರಷ್ಟನ್ನು ನುಂಗುತ್ತಿತ್ತು, ಖರ್ಚು ಹಳೆಯ ಆಸ್ಪತ್ರೆಯ ಮೂರು ಪಟ್ಟಿಗಿಂತ ಕಡಿಮೆ ಇರಲಿಲ್ಲ, ಹೂಡಿಕೆದಾರರಿಗೆ ಶೇ 25ರ ಲಾಭದ ಅಂದಾಜಿತ್ತು. ವಿಶ್ವಬ್ಯಾಂಕ್ ಕಡೆಯವರು ಈ ಲೆಕ್ಕವನ್ನು ಒಪ್ಪಲಿಲ್ಲ, ಪಾಲು ಅಷ್ಟಿಲ್ಲ ಎಂದರು. ವಾದ ವರ್ಷಗಟ್ಟಲೆ ನಡೆಯಿತು.

ಖರ್ಚು ಏರಿದ್ದು ಹೇಗೆ ಎಂದು ನೋಡಿದರೆ ಒಪ್ಪಂದದ ಸಾಲುಗಳ ಮಹತ್ವ ತಿಳಿಯುತ್ತದೆ. ಸರ್ಕಾರ ಕಟ್ಟುವ ಶುಲ್ಕ ವರ್ಷಕ್ಕೆ 20,000 ಒಳರೋಗಿಗಳು, 3,10,000 ಹೊರರೋಗಿಗಳು ಎಂಬ ಮಿತಿಗೆ ಒಳಪಟ್ಟಿತ್ತು. ಮಿತಿ ಮೀರಿದರೆ ಮೇಲಿನ ಪ್ರತಿ ರೋಗಿಗೂ ಬೇರೆ ದುಡ್ಡು. ಹೊಳೆಯುವ ಹೊಸ ಆಸ್ಪತ್ರೆಯಲ್ಲಿ ಒಳ್ಳೆಯ ಚಿಕಿತ್ಸೆ ಸಿಗುತ್ತದೆಂದರೆ ಜನ ಬಂದೇ ಬರುತ್ತಾರೆ. ಅಂದರೆ ಆಸ್ಪತ್ರೆ ಚೆನ್ನಾಗಿ ನಡೆದಷ್ಟೂ ಸರ್ಕಾರದ ಬಿಲ್ಲು ಬೆಳೆಯುವಂತೆ ಒಪ್ಪಂದ ಬರೆಯಲಾಗಿತ್ತು. ಇದರ ಜೊತೆ ಹಣದುಬ್ಬರಕ್ಕೆ ತಕ್ಕ ಏರಿಕೆ, ಶುಲ್ಕ ತಡವಾದರೆ ಬಡ್ಡಿ. ದೇಶದ ಬಹುಪಾಲು ಜನ ಗುಡ್ಡದ ಹಳ್ಳಿಗಳಲ್ಲಿದ್ದಾರೆ. ಅವರ ಪಾಲಿನ ಕ್ಲಿನಿಕ್ಕುಗಳಿಗೆ ಉಳಿದದ್ದು ಉಳಿಕೆಯ ದುಡ್ಡು.

ಶೇ 41ರ ಇಳಿಕೆಯನ್ನೂ ಒಂದು ಕ್ಷಣ ಬಿಡಿಸಿ ನೋಡಬೇಕು. ಅದು ಹಳೆಯ ಕಟ್ಟಡ ಮತ್ತು ಹೊಸ ಕಟ್ಟಡದ ಹೋಲಿಕೆ. ಹಲವು ಪಟ್ಟು ಹಣವನ್ನು ಸರ್ಕಾರವೇ ಹೊಸ ಆಸ್ಪತ್ರೆಗೆ, ಹೊಸ ನರ್ಸ್‌ಗಳಿಗೆ ಹಾಕಿದ್ದರೆ ಸಾವು ಎಷ್ಟು ಇಳಿಯುತ್ತಿತ್ತು? ಅದೇ ಹಣ ನೂರು ಹಳ್ಳಿ ಕ್ಲಿನಿಕ್ಕುಗಳಿಗೆ ಹೋಗಿದ್ದರೆ? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಹೋಲಿಕೆ ಯಾರ ಬಳಿಯೂ ಇರಲಿಲ್ಲ. ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ, ಸಂತೆಯ ಮಾತಿನಲ್ಲಿ ಈ ಚರ್ಚೆ ಆಗಬೇಕಿದ್ದದ್ದು 2008ರಲ್ಲಿ, ಸಹಿ ಬೀಳುವ ಮುನ್ನ. ಜೋರಾಗಿ ನಡೆದದ್ದು ಆಸ್ಪತ್ರೆ ತೆರೆದು ಎರಡೂವರೆ ವರ್ಷವಾದ ಮೇಲೆ. 2021ರಲ್ಲಿ ಸಂಬಳಕ್ಕಾಗಿ ನರ್ಸ್‌ಗಳು ಮುಷ್ಕರ ಹೂಡಿದರು, ನೂರಾರು ಜನರನ್ನು ಕೆಲಸದಿಂದ ತೆಗೆಯಲಾಯಿತು, ಆ ವರ್ಷವೇ ಸರ್ಕಾರ ಒಪ್ಪಂದ ಮುರಿದು ಆಸ್ಪತ್ರೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಆಗ ಒಪ್ಪಂದದ ಅವಧಿ ಮುಗಿಯಲು ಇನ್ನೂ ಐದು ವರ್ಷ ಬಾಕಿಯಿತ್ತು.

ರಾಯಚೂರಿನವರಿಗೆ ಈ ಕಥೆ ತೀರಾ ದೂರದ್ದೆನಿಸಲಾರದು. ತೈಲ ರಫ್ತು ದೇಶಗಳ ಕೂಟವಾದ ಓಪೆಕ್‌ನ ನಿಧಿಯ ನೆರವಿನಿಂದ ಕಟ್ಟಿದ, ಊರವರು ಇಂದಿಗೂ ಓಪೆಕ್ ಆಸ್ಪತ್ರೆ ಎನ್ನುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ರಾಜ್ಯ ಸರ್ಕಾರ 2000ದ ದಶಕದಲ್ಲಿ ಅಪೋಲೊ ಸಂಸ್ಥೆಗೆ ನಡೆಸಲು ಕೊಟ್ಟಿತ್ತು, ಆಮೇಲೆ ಹಿಂದಕ್ಕೆ ಪಡೆಯಿತು. ಸರ್ಕಾರ-ಖಾಸಗಿ ಪಾಲುದಾರಿಕೆಯ ಉದಾಹರಣೆ ಎಂದು ಅದರ ಹೆಸರು ದೆಹಲಿಯ ವರದಿಗಳಲ್ಲೂ ಬಂತು. ಆದರೆ ಮಾನ್ವಿಯಿಂದಲೋ ದೇವದುರ್ಗದಿಂದಲೋ ಬಸ್ಸು ಹತ್ತಿ ಬಂದವರಿಗೆ ಬೇಕಿದ್ದ ವಿವರ ಬೇರೆ: ಬಡವರಿಗೆ ಮೀಸಲಾದ ಹಾಸಿಗೆ ಎಷ್ಟು, ಅದರಲ್ಲಿ ನಿಜಕ್ಕೂ ಬಡವರು ಮಲಗಿದ್ದು ಎಷ್ಟು ದಿನ, ನಷ್ಟವಾದರೆ ತುಂಬಿಕೊಡುವವರು ಯಾರು, ಒಪ್ಪಂದ ಮುಗಿದ ಮರುದಿನ ವೈದ್ಯರು ಎಲ್ಲಿಂದ ಬರುತ್ತಾರೆ. ಇಂಥ ಸಾಲುಗಳು ಆಸ್ಪತ್ರೆಯ ಗೋಡೆಯ ಮೇಲೆ, ಜಿಲ್ಲಾ ಪಂಚಾಯಿತಿಯ ಸಭೆಯ ಮೇಜಿನ ಮೇಲೆ ಇರಬೇಕಾದವು.

ಖಾಸಗಿ ಎಂದರೆ ಯಾರು?

ಇನ್ನೊಂದು ತೊಡಕು ಎಣಿಕೆಯದು. 2007ರಲ್ಲಿ ಐಎಫ್‌ಸಿ ಆಫ್ರಿಕಾದ ಖಾಸಗಿ ಆರೋಗ್ಯ ವಲಯದ ಬಗ್ಗೆ ವರದಿ ತಂದು, ಬಡವರೂ ದೊಡ್ಡ ಪ್ರಮಾಣದಲ್ಲಿ ಖಾಸಗಿಗೇ ಹೋಗುತ್ತಾರೆ, ಆದ್ದರಿಂದ ಅಲ್ಲಿ ಬಂಡವಾಳ ಹೂಡಬೇಕು ಎಂದಿತು. 2009ರಲ್ಲಿ ಆಕ್ಸ್‌ಫ್ಯಾಮ್ ಅದೇ ಅಂಕಿಅಂಶಗಳನ್ನು ಮತ್ತೆ ಬಿಡಿಸಿ ನೋಡಿತು. ಖಾಸಗಿ ಎಂದು ಲೆಕ್ಕಕ್ಕೆ ಹಿಡಿದದ್ದರಲ್ಲಿ ಶೇ 40ರ ಹತ್ತಿರದಷ್ಟು ಬರೀ ಸಣ್ಣ ಔಷಧ ಅಂಗಡಿಗಳು, ಅವುಗಳ ಗುಣಮಟ್ಟ ಯಾರಿಗೂ ಗೊತ್ತಿಲ್ಲದ್ದು. ಜ್ವರ ಬಂದ ಮಗುವಿಗೆ ಗೂಡಂಗಡಿಯಿಂದ ಎರಡು ಮಾತ್ರೆ ಕೊಂಡ ತಾಯಿಯೂ ಆ ಎಣಿಕೆಯಲ್ಲಿ ಖಾಸಗಿ ಆರೋಗ್ಯ ಸೇವೆಯನ್ನು ಆಯ್ದುಕೊಂಡವಳು. ಆಕೆಗೆ ಬೇರೆ ಆಯ್ಕೆ ಇತ್ತೇ ಎಂದು ಅಂಕಿ ಹೇಳುವುದಿಲ್ಲ.

ನಮ್ಮಲ್ಲೂ ಹಾಗೆಯೇ. ಕಾರ್ಪೊರೇಟ್ ಆಸ್ಪತ್ರೆ, ಮಿಷನ್ ಆಸ್ಪತ್ರೆ, ದತ್ತಿ ಸಂಸ್ಥೆ, ಊರಿನ ಎಂಬಿಬಿಎಸ್ ಡಾಕ್ಟರು, ಪದವಿಯೇ ಇಲ್ಲದೆ ಇಂಜೆಕ್ಷನ್ ಚುಚ್ಚುವವರು, ಮೆಡಿಕಲ್ ಶಾಪಿನವರು ಎಲ್ಲರೂ ಒಂದೇ ಕಾಲಮ್ಮಿನಲ್ಲಿ ಕೂರುತ್ತಾರೆ. ಇವರನ್ನು ಬೇರ್ಪಡಿಸದ ಯಾವ ವರದಿಯೂ ಖಾಸಗಿ ಪರವಾಗಿಯೂ ವಿರುದ್ಧವಾಗಿಯೂ ಏನನ್ನೂ ಸಾಬೀತು ಮಾಡಲಾರದು. ಖಾಸಗಿಯ ಪರವಾದ ಸಾಕ್ಷ್ಯವನ್ನೂ ಹೇಳಬೇಕು. ಜಿಷ್ಣು ದಾಸ್ ಮತ್ತು ಸಂಗಡಿಗರು ಮಧ್ಯಪ್ರದೇಶದಲ್ಲಿ ತರಬೇತಿ ಪಡೆದ ನಟನಾ ರೋಗಿಗಳನ್ನು ವೈದ್ಯರ ಬಳಿ ಕಳಿಸಿದರು. ಎದೆನೋವು, ಉಬ್ಬಸ ಎಂದು ಹೇಳಿಕೊಂಡು ಹೋದವರಿಗೆ ವೈದ್ಯರು ಏನು ಕೇಳಿದರು, ಏನು ಕೊಟ್ಟರು ಎಂದು ದಾಖಲಿಸಿದರು. ಸರ್ಕಾರಿ ಕೆಲಸದ ಜೊತೆಗೆ ಮನೆಯಲ್ಲಿ ಪ್ರಾಕ್ಟೀಸ್ ಮಾಡುವ ಅದೇ ವೈದ್ಯರು ತಮ್ಮ ಖಾಸಗಿ ಕ್ಲಿನಿಕ್ಕಿನಲ್ಲಿ ಹೆಚ್ಚು ಹೊತ್ತು ಕೊಟ್ಟರು, ಹೆಚ್ಚು ಪ್ರಶ್ನೆ ಕೇಳಿದರು, ಸರಿಯಾದ ಔಷಧ ಬರೆಯುವ ಸಾಧ್ಯತೆಯೂ ಅಲ್ಲಿಯೇ ಹೆಚ್ಚಿತ್ತು. ಬೇಡದ ಔಷಧ ಕೊಡುವುದು ಎರಡೂ ಕಡೆ ಇತ್ತು. ಇಂಥ ಮಾಹಿತಿ ಯಾವ ಆಸ್ಪತ್ರೆಯ ವಾರ್ಷಿಕ ವರದಿಯಲ್ಲೂ ಸಿಗುವುದಿಲ್ಲ.

ಔಷಧ ಮಾರಾಟದ ಚೀಟಿಯಿಂದ ಕ್ಷಯದ ಲೆಕ್ಕ

ಮಾಹಿತಿ ಹಂಚಿಕೊಳ್ಳದಿದ್ದರೆ ಜೀವಕ್ಕೇ ಕುತ್ತು ಎಂಬುದು ಕ್ಷಯದಷ್ಟು ನೇರವಾಗಿ ಬೇರಾವ ಕಾಯಿಲೆಯಲ್ಲೂ ಕಾಣುವುದಿಲ್ಲ. ಕ್ಷಯ ರೋಗಿ ಆರು ತಿಂಗಳು ಔಷಧ ತಪ್ಪಿಸಬಾರದು. ತಪ್ಪಿಸಿದರೆ ಔಷಧಕ್ಕೆ ಬಗ್ಗದ ಕ್ಷಯ ಹುಟ್ಟುತ್ತದೆ, ಮನೆಯವರಿಗೆ ಹರಡುತ್ತದೆ. ಆದ್ದರಿಂದ ಯಾರಿಗೆ ಕ್ಷಯವಿದೆ ಎಂದು ಸರ್ಕಾರಕ್ಕೆ ಗೊತ್ತಿರಬೇಕು. ಭಾರತದಲ್ಲಿ 2012ರ ಮೇ ತಿಂಗಳಲ್ಲಿ ಖಾಸಗಿ ವೈದ್ಯರೂ ಕ್ಷಯ ಪ್ರಕರಣಗಳನ್ನು ಕಡ್ಡಾಯವಾಗಿ ತಿಳಿಸಬೇಕು ಎಂಬ ಆದೇಶ ಬಂತು, ಅದಕ್ಕಾಗಿ ನಿಕ್ಷಯ್ ಎಂಬ ಆನ್‌ಲೈನ್ ವ್ಯವಸ್ಥೆಯೂ ಬಂತು. ಬಹುತೇಕರು ತಿಳಿಸಲಿಲ್ಲ.

ತಿಳಿಸದವರ ಕೈಯಲ್ಲಿ ಎಷ್ಟು ರೋಗಿಗಳಿದ್ದಾರೆ ಎಂದು ತಿಳಿಯುವುದು ಹೇಗೆ? ಸಂಶೋಧಕರು ಔಷಧ ಕಂಪನಿಗಳ ಮಾರಾಟದ ಅಂಕಿಗಳನ್ನು ಹಿಡಿದರು. ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ಇರುವ ಗುಳಿಗೆಗಳು ಖಾಸಗಿ ಅಂಗಡಿಗಳಲ್ಲಿ ಎಷ್ಟು ಮಾರಾಟವಾದವು, ಒಬ್ಬ ರೋಗಿಗೆ ತಿಂಗಳಿಗೆ ಎಷ್ಟು ಬೇಕು ಎಂದು ಭಾಗಿಸಿದರು. 2016ರಲ್ಲಿ ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್‌ನಲ್ಲಿ ಬಂದ ಉತ್ತರ: 2014ರಲ್ಲಿ ಖಾಸಗಿ ವಲಯದಲ್ಲಿ ನಡೆದ ಕ್ಷಯ ಚಿಕಿತ್ಸೆ ಸುಮಾರು 1.78 ಕೋಟಿ ರೋಗಿ-ತಿಂಗಳು (ಒಬ್ಬ ರೋಗಿಗೆ ಒಂದು ತಿಂಗಳ ಚಿಕಿತ್ಸೆ ಎಂದರೆ ಒಂದು ರೋಗಿ-ತಿಂಗಳು). ಸರ್ಕಾರಿ ವಲಯದ ಎರಡು ಪಟ್ಟು. ಇವರಲ್ಲಿ ಎಷ್ಟು ಮಂದಿಗೆ ನಿಜವಾಗಿ ಕ್ಷಯವಿತ್ತು, ಎಷ್ಟು ತಿಂಗಳು ಔಷಧ ತೆಗೆದುಕೊಂಡರು ಎಂಬುದು ಮಾರಾಟದ ಚೀಟಿಯಿಂದ ತಿಳಿಯುವುದಿಲ್ಲವಾದ್ದರಿಂದ, ಅವರ ಅಂದಾಜು ಸುಮಾರು 12 ಲಕ್ಷ ರೋಗಿಗಳಿಂದ 53 ಲಕ್ಷ ರೋಗಿಗಳವರೆಗೆ ಹರಡಿಕೊಂಡಿತ್ತು. ಆ ಅಗಲವೇ ಹೇಳುತ್ತದೆ ನಾವು ಎಷ್ಟು ಕತ್ತಲಲ್ಲಿದ್ದೆವು ಎಂದು.

ಆಮೇಲೆ ಕೆಲಸ ಚುರುಕಾಯಿತು. ಮುಂಬೈ, ಪಟ್ನಾ, ಮೆಹಸಾಣಾಗಳಲ್ಲಿ ಖಾಸಗಿ ವೈದ್ಯರ ಬಾಗಿಲಿಗೇ ಹೋಗಿ, ರೋಗಿಗೆ ಉಚಿತ ಔಷಧ ಕೊಟ್ಟು, ಬರಹದ ಕೆಲಸವನ್ನು ಮಧ್ಯದ ಸಂಸ್ಥೆಯೇ ಹೊತ್ತುಕೊಳ್ಳುವ ಪ್ರಯೋಗಗಳಾದವು. ಪ್ರಕರಣ ತಿಳಿಸಿದ ಖಾಸಗಿ ವೈದ್ಯರಿಗೆ 500 ರೂಪಾಯಿ, ಚಿಕಿತ್ಸೆ ಮುಗಿದದ್ದನ್ನು ತಿಳಿಸಿದರೆ ಇನ್ನೊಂದು 500 ಎಂದಾಯಿತು. 2018ರಲ್ಲಿ ತಿಳಿಸದವರಿಗೆ ಶಿಕ್ಷೆಯ ಎಚ್ಚರಿಕೆಯೂ ಬಂತು. 2019ರಲ್ಲಿ ದೇಶದಲ್ಲಿ ದಾಖಲಾದ 24 ಲಕ್ಷ ಕ್ಷಯ ಪ್ರಕರಣಗಳಲ್ಲಿ 6.78 ಲಕ್ಷ ಖಾಸಗಿಯವರು ತಿಳಿಸಿದವು. ನನ್ನ ಮಟ್ಟಿಗೆ ಇದರಲ್ಲಿನ ಮುಖ್ಯ ಪಾಠ ಶಿಕ್ಷೆಯದಲ್ಲ. ವೈದ್ಯರಿಗೆ ಫಾರಂ ತುಂಬುವ ಹೊರೆ ಇಳಿದು, ತಮ್ಮ ರೋಗಿ ತಮ್ಮ ಕೈಬಿಟ್ಟು ಹೋಗುವುದಿಲ್ಲ ಎಂಬ ಭರವಸೆ ಸಿಕ್ಕಾಗ ಮಾಹಿತಿ ಹರಿಯತೊಡಗಿತು.

ಸೋತ ಕಥೆ ಯಾರು ಹೇಳುತ್ತಾರೆ?

ತಾವಾಗಿಯೇ ಬಾಗಿಲು ತೆರೆದವರೂ ಇದ್ದಾರೆ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮದುರೆಯಲ್ಲಿ 11 ಹಾಸಿಗೆಗಳಿಂದ ಶುರುಮಾಡಿದ ಅರವಿಂದ ಕಣ್ಣಿನ ಆಸ್ಪತ್ರೆ, ದುಡ್ಡು ಕೊಡಬಲ್ಲವರಿಂದ ಪಡೆದು ಕೊಡಲಾರದವರಿಗೆ ಉಚಿತವಾಗಿಯೋ ಕಡಿಮೆ ದರಕ್ಕೋ ಚಿಕಿತ್ಸೆ ಮಾಡುತ್ತದೆ. ಪೊರೆ ತೆಗೆದ ಕಣ್ಣಿಗೆ ಕೂರಿಸುವ ಆಮದು ಲೆನ್ಸಿನ ಬೆಲೆ ನೂರು ಡಾಲರಿನ ಆಸುಪಾಸಿದ್ದಾಗ 1992ರಲ್ಲಿ ಅರೋಲ್ಯಾಬ್ ಎಂಬ ತಮ್ಮದೇ ಲೆನ್ಸ್ ತಯಾರಿಕಾ ಘಟಕ ಕಟ್ಟಿ ಹತ್ತು ಡಾಲರಿನ ಮಟ್ಟಕ್ಕೆ ಇಳಿಸಿದ್ದು ಎಲ್ಲರಿಗೂ ಗೊತ್ತು. ಕಡಿಮೆ ಜನರಿಗೆ ಗೊತ್ತಿರುವುದು ಅದೇ ವರ್ಷ ಅವರು ತೆರೆದ ಲೈಕೊ ಎಂಬ ತರಬೇತಿ ಸಂಸ್ಥೆ. ಆಸ್ಪತ್ರೆ ನಡೆಸುವ ತಮ್ಮ ರೀತಿಯನ್ನು ಭಾರತ, ಆಫ್ರಿಕಾ, ಏಷ್ಯಾದ ನೂರಾರು ಆಸ್ಪತ್ರೆಗಳಿಗೆ ಅಲ್ಲಿ ಕಲಿಸಿಕೊಡುತ್ತಾರೆ. ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳನ್ನು ವೈದ್ಯರವಾರು ಬರೆದಿಟ್ಟು ಒಳಗೇ ಚರ್ಚಿಸುತ್ತಾರೆ, ಅಧ್ಯಯನಗಳಾಗಿ ಪ್ರಕಟಿಸುತ್ತಾರೆ. ತೊಡಕುಗಳ ಲೆಕ್ಕ ಇಡುವ ಆಸ್ಪತ್ರೆಯ ಯಶಸ್ಸಿನ ಲೆಕ್ಕವನ್ನು ನಂಬಬಹುದು.

ಎಲ್ಲರೂ ಹಾಗಿಲ್ಲ. ವಾಷಿಂಗ್ಟನ್ನಿನ ರಿಸಲ್ಟ್ಸ್ ಫಾರ್ ಡೆವಲಪ್‌ಮೆಂಟ್ ಸಂಸ್ಥೆ 2010ರಲ್ಲಿ ಖಾಸಗಿ ಆರೋಗ್ಯ ಯೋಜನೆಗಳ ಜಾಗತಿಕ ಪಟ್ಟಿಯೊಂದನ್ನು ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಯೋಜನೆಗಳು ಸೇರಿದವು. ಕೀನ್ಯಾದ ಕ್ಲಿನಿಕ್ ಸರಪಳಿ ಏನು ಮಾಡುತ್ತಿದೆ ಎಂದು ಹೈದರಾಬಾದಿನವರಿಗೆ ತಿಳಿಯುವಂತಾದದ್ದು ದೊಡ್ಡ ಉಪಕಾರ. ಆದರೆ ಅಲ್ಲಿನ ವಿವರ ಬಹುಪಾಲು ಯೋಜನೆಗಳವರು ತಾವೇ ಹೇಳಿಕೊಂಡದ್ದು. ದಾನಿಗಳ ಮುಂದೆ ನಿಂತ ಯಾರಿಗಾದರೂ ಸೋಲನ್ನು ಬರೆಯಲು ಕೈ ಬರುವುದಿಲ್ಲ, ಮುಂದಿನ ವರ್ಷದ ಹಣ ಅದರ ಮೇಲೆ ನಿಂತಿರುತ್ತದೆ.

ಬಿಹಾರದಲ್ಲಿ ವರ್ಲ್ಡ್ ಹೆಲ್ತ್ ಪಾರ್ಟ್‌ನರ್ಸ್ ಸಂಸ್ಥೆ ಹಳ್ಳಿಯ ಅನೌಪಚಾರಿಕ ವೈದ್ಯರನ್ನು ಫ್ರಾಂಚೈಸಿಗಳಾಗಿ ಸೇರಿಸಿಕೊಂಡು, ಟೆಲಿಮೆಡಿಸಿನ್ ಮೂಲಕ ಪಟ್ಟಣದ ವೈದ್ಯರೊಂದಿಗೆ ಜೋಡಿಸಿತ್ತು. ಗೇಟ್ಸ್ ಫೌಂಡೇಷನ್ ಹಣ ಕೊಟ್ಟಿತ್ತು, ಮತ್ತು ಸ್ವತಂತ್ರ ಮೌಲ್ಯಮಾಪನವೂ ನಡೆಯಿತು. 2016ರಲ್ಲಿ ಹೆಲ್ತ್ ಅಫೇರ್ಸ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಮಕ್ಕಳ ಭೇದಿ ಮತ್ತು ನ್ಯುಮೋನಿಯಾಕ್ಕೆ ಸರಿಯಾದ ಚಿಕಿತ್ಸೆ ಸಿಗುವ ಪ್ರಮಾಣ ಹೆಚ್ಚಲಿಲ್ಲ. ಇಷ್ಟು ದೊಡ್ಡ ಯೋಜನೆ ಫಲಿಸಲಿಲ್ಲ ಎಂದು ಬಹಿರಂಗವಾಗಿ ಬರೆಯಲು ಬಿಟ್ಟದ್ದನ್ನು ನಾನು ಗೌರವದಿಂದ ನೋಡುತ್ತೇನೆ. ಟೆಲಿಮೆಡಿಸಿನ್ ಮಾತು ಕೇಳಿದಾಗಲೆಲ್ಲ ಕಣ್ಣರಳಿಸುವ ಬೇರೆ ರಾಜ್ಯಗಳ ಅಧಿಕಾರಿಗಳಿಗೆ ಈ ಒಂದು ಲೇಖನ ಹತ್ತು ಯಶೋಗಾಥೆಗಳಿಗಿಂತ ಹೆಚ್ಚು ಉಪಯೋಗದ್ದು.

ನಾವು ಕೇಳಬಹುದಾದದ್ದು

ರೋಗಿಯ ಗುಟ್ಟು ರೋಗಿಯದೇ. ಯಾರಿಗೆ ಯಾವ ಕಾಯಿಲೆ ಎಂಬುದು ಹೊರಗೆ ಬರಬಾರದು. ಆದರೆ ಸಾರ್ವಜನಿಕ ಹಣ ಪಡೆದ ಆಸ್ಪತ್ರೆಯ ಒಪ್ಪಂದ, ಅದಕ್ಕೆ ಸಂದ ಒಟ್ಟು ಮೊತ್ತ, ಅಲ್ಲಾದ ಚಿಕಿತ್ಸೆ, ಸಾವು, ದೂರುಗಳ ಒಟ್ಟು ಸಂಖ್ಯೆ ಯಾರ ಗುಟ್ಟೂ ಅಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆ ಖಾಸಗಿ ಆಸ್ಪತ್ರೆಗೆ ನೇರವಾಗಿ ಅರ್ಜಿ ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಅದರ ಸೆಕ್ಷನ್ 2(ಎಫ್) ಪ್ರಕಾರ, ಬೇರೆ ಕಾನೂನಿನಡಿ ಸರ್ಕಾರಿ ಪ್ರಾಧಿಕಾರವೊಂದು ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ವಿವರವೂ ಮಾಹಿತಿಯೇ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಆಸ್ಪತ್ರೆಗಳ ನೋಂದಣಿ, ದರಪಟ್ಟಿ ಪ್ರದರ್ಶನದಂಥ ಹೊಣೆಗಳನ್ನು ಹೇಳುತ್ತದೆ. 2017ರ ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಇದೇ ಕಾಯ್ದೆಯ ತಿದ್ದುಪಡಿಯ ವಿಚಾರಕ್ಕೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಡಿ ಖಾಸಗಿ ಆಸ್ಪತ್ರೆಗಳಿಗೆ ಹಣ ಕೊಡುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಸರ್ಕಾರದ್ದೇ ಆದ್ದರಿಂದ ಅಲ್ಲಿಗೆ ನೇರವಾಗಿ ಅರ್ಜಿ ಹಾಕಬಹುದು. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಪದಗಳು 150ರ ಒಳಗೆ. ಹಾಗಾಗಿ ನಿಮ್ಮ ಜಿಲ್ಲೆ, ಒಂದು ಚಿಕಿತ್ಸೆ, ಒಂದು ವರ್ಷ ಎಂದು ಕಿರಿದಾಗಿ ಕೇಳುವುದು ಮೇಲು: ಎಷ್ಟು ಜನರಿಗೆ ಚಿಕಿತ್ಸೆಗೆ ಅನುಮತಿ ಸಿಕ್ಕಿತು, ಎಷ್ಟು ಜನರಿಗೆ ನಿರಾಕರಣೆಯಾಯಿತು, ಆಸ್ಪತ್ರೆವಾರು ಎಷ್ಟು ಹಣ ಸಂದಿತು, ಚಿಕಿತ್ಸೆಯ ವೇಳೆ ಎಷ್ಟು ಸಾವಾಯಿತು, ರೋಗಿಯಿಂದ ಹೆಚ್ಚುವರಿ ಹಣ ಪಡೆದ ದೂರುಗಳೆಷ್ಟು.

ಪಕ್ಕದ ಜಿಲ್ಲೆಯ ಹೆಸರಿನಲ್ಲಿ ಇನ್ನೊಂದು ಅರ್ಜಿಯನ್ನೂ ಅದೇ ದಿನ ಹಾಕಿ. 30 ದಿನಗಳೊಳಗೆ ಉತ್ತರ ಬರಬೇಕು. ವಾಣಿಜ್ಯ ಗೋಪ್ಯತೆ ಎಂದು ಸೆಕ್ಷನ್ 8(1)(ಡಿ) ತೋರಿಸಿ ತಳ್ಳಿಹಾಕಿದರೆ, ಅದೇ ಉಪವಿಭಾಗದಲ್ಲಿ ವಿಶಾಲ ಸಾರ್ವಜನಿಕ ಹಿತಾಸಕ್ತಿಗಾಗಿ ಮಾಹಿತಿ ಕೊಡಬಹುದು ಎಂಬ ಮಾತೂ ಇದೆ. ಮೊದಲ ಮೇಲ್ಮನವಿಯಲ್ಲಿ ಆ ಸಾಲನ್ನು ಬರೆದು ಕಳಿಸಿ.